ನೆಲವೋ ಗೋಡೆಯೋ: ಬ್ರಿಟನ್ನಿನ ಮನೆ ಬೆಚ್ಚಗಿಡುವ ಲೆಕ್ಕಾಚಾರ

ಬ್ರಿಟನ್ನಿನ ಬಹುಪಾಲು ಮನೆಗಳು ಚಳಿಗಾಲ ಕಳೆಯುವುದು ಗ್ಯಾಸ್ ಬಾಯ್ಲರ್ ನೆಚ್ಚಿಕೊಂಡು. ಅಡುಗೆಮನೆಯ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಇರುವ ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಪೈಪುಗಳಲ್ಲಿ ಹರಿದು, ಕೋಣೆಕೋಣೆಯ ಗೋಡೆಗೆ ಕೂರಿಸಿದ ಉಕ್ಕಿನ ರೇಡಿಯೇಟರ್‌ಗಳಿಗೆ ಶಾಖ ಕೊಟ್ಟು ವಾಪಸಾಗುತ್ತದೆ. ಈಗ ಆ ಬಾಯ್ಲರ್‌ನ ಜಾಗಕ್ಕೆ ವಿದ್ಯುತ್ತಿನಿಂದ ನಡೆಯುವ ಹೀಟ್ ಪಂಪ್ ಬರಬೇಕೆಂಬುದು ಅಲ್ಲಿನ ಸರ್ಕಾರದ ಒತ್ತಾಸೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಲ್ಲಿ ಶುರುವಾದ ಸಹಾಯಧನವನ್ನು 2023ರ ಅಕ್ಟೋಬರ್‌ನಲ್ಲಿ 7,500 ಪೌಂಡ್‌ಗೆ ಏರಿಸಲಾಯಿತು. ಹೀಟ್ ಪಂಪ್ ಹಾಕಿಸಲು ಹೊರಟ ಮನೆಯವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಇರುವ ರೇಡಿಯೇಟರ್ ತೆಗೆಸಿ ಅದಕ್ಕಿಂತ ದೊಡ್ಡದು ಹಾಕಿಸುವುದೋ, ಇಲ್ಲ ನೆಲ ಅಗೆಸಿ ಅದರಡಿ ಪೈಪು ಹಾಸಿ ಇಡೀ ನೆಲವನ್ನೇ ಬಿಸಿ ಮಾಡಿಸುವುದೋ? ಲಂಡನ್ನಿನ ಸುತ್ತಮುತ್ತ, ಬರ್ಮಿಂಗ್‌ಹ್ಯಾಮ್‌ನಲ್ಲಿ, ಮಿಲ್ಟನ್ ಕೀನ್ಸ್‌ನಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡ ಕುಟುಂಬಗಳಿಗೂ ಇದೇ ಪ್ರಶ್ನೆ. ನೆಲದಡಿಯ ಬಿಸಿಯೇ ಹೀಟ್ ಪಂಪಿಗೆ ತಕ್ಕದ್ದು, ರೇಡಿಯೇಟರ್ ಏನಿದ್ದರೂ ಅನಿವಾರ್ಯಕ್ಕೆ ಒಪ್ಪಿಕೊಳ್ಳುವ ರಾಜಿ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ನಂಬಿ ಜನ ಸಾವಿರಾರು ಪೌಂಡ್ ನೆಲಕ್ಕೆ ಸುರಿಯುತ್ತಿದ್ದಾರೆ. ಹಳೆಯ ಮನೆಗೆ, ಅಳೆದು ಆರಿಸಿದ ದೊಡ್ಡ ರೇಡಿಯೇಟರ್‌ಗಳೇ ಸರಿಯಾದ ಆಯ್ಕೆ ಎಂಬುದು ನನ್ನ ವಾದ. ಬೇರೆ ಯಾವುದೋ ಕಾರಣಕ್ಕೆ ನೆಲ ಹೇಗೂ ಬಿಚ್ಚಬೇಕಾಗಿ ಬಂದಾಗ ಮಾತ್ರ ಅದರಡಿಗೆ ಪೈಪು ಹಾಸುವುದು ಲಾಭ.

ವಿಷಯದ ಬೇರು ಇರುವುದು ನೀರಿನ ತಾಪಮಾನದಲ್ಲಿ. ಗ್ಯಾಸ್ ಬಾಯ್ಲರ್‌ಗೆ 75 ಡಿಗ್ರಿ ನೀರು ಕೊಡುವುದು ಕಷ್ಟವೇನಲ್ಲ. ಬೆಂಕಿಯ ಉರಿಗೆ 45 ಆದರೇನು, 75 ಆದರೇನು. ಆದ್ದರಿಂದ ಅರ್ಧ ಶತಮಾನದ ಕಾಲ ಬ್ರಿಟನ್ನಿನ ಪ್ಲಂಬರ್‌ಗಳು ಚಿಕ್ಕ ರೇಡಿಯೇಟರ್ ಹಾಕಿ, ಅದರೊಳಗೆ ಕೈ ಸುಡುವ ನೀರು ಹರಿಸಿ ಕೆಲಸ ಮುಗಿಸಿದರು. 2005ರಲ್ಲಿ ಕಂಡೆನ್ಸಿಂಗ್ ಬಾಯ್ಲರ್ ಕಡ್ಡಾಯವಾದ ಮೇಲೂ ಈ ರೂಢಿ ಹೋಗಲಿಲ್ಲ. ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಆ ಬಾಯ್ಲರ್ ಹೊಗೆಯಲ್ಲಿನ ಆವಿಯನ್ನು ಹನಿಯಾಗಿಸಿ ಅದರ ಶಾಖವನ್ನೂ ಉಳಿಸಿಕೊಳ್ಳಬಲ್ಲದು. ಆದರೂ ಅದನ್ನು 75ಕ್ಕೆ ಇಟ್ಟು ಬಿಡುವುದೇ ಹೆಚ್ಚು. ಹೀಟ್ ಪಂಪಿನ ಸ್ವಭಾವವೇ ಬೇರೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ತಣ್ಣನೆಯ ಗಾಳಿಯಿಂದ ಎತ್ತಿ ಒಳಗಿನ ನೀರಿಗೆ ಸೇರಿಸುತ್ತದೆ. ಎತ್ತುವ ಎತ್ತರ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು ಬೇಕು. ನೀರಿನ ಬಿಸಿ ಒಂದು ಡಿಗ್ರಿ ಇಳಿದರೆ ಅದರ ದಕ್ಷತೆ ನೂರಕ್ಕೆ ಎರಡರಿಂದ ಮೂರರಷ್ಟು ಏರುತ್ತದೆ ಎಂಬುದು ಈ ಕಸುಬಿನವರ ಅಂದಾಜು. ಇಂಗ್ಲೆಂಡಿನ ಕಟ್ಟಡ ನಿಯಮಗಳೂ 2022ರ ಜೂನ್‌ನಿಂದ ಇದನ್ನು ಒಪ್ಪಿಕೊಂಡಿವೆ: ಹೊಸದಾಗಿ ಕೂರಿಸುವ ಅಥವಾ ಪೂರ್ತಿ ಬದಲಿಸುವ ವ್ಯವಸ್ಥೆಯಲ್ಲಿ ಹೊರಡುವ ನೀರು 55 ಡಿಗ್ರಿ ಮೀರದಂತೆ ವಿನ್ಯಾಸ ಮಾಡಬೇಕು. ಅಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಒಂದು ಯೂನಿಟ್ ಗ್ಯಾಸಿನ ಬೆಲೆಯ ಸುಮಾರು ನಾಲ್ಕು ಪಟ್ಟು. ಹಾಗಾಗಿ ಹೀಟ್ ಪಂಪ್ ಒಂದು ಯೂನಿಟ್‌ಗೆ ಮೂರು ಯೂನಿಟ್ ಶಾಖ ಕೊಡುತ್ತದೋ ನಾಲ್ಕು ಕೊಡುತ್ತದೋ ಎಂಬುದರ ಮೇಲೆ ಮನೆಯ ಬಿಲ್ಲು ನಿಂತಿದೆ. ಕಡಿಮೆ ಬಿಸಿಯ ನೀರಿನಿಂದ ಮನೆ ಬೆಚ್ಚಗಾಗಬೇಕು. ಇದರಲ್ಲಿ ಎರಡು ಮಾತಿಲ್ಲ. ಅದಕ್ಕೆ ನೆಲವೇ ಆಗಬೇಕೇ ಎಂಬಲ್ಲಿ ತಕರಾರು.

ರೇಡಿಯೇಟರ್‌ನ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಂಗಡಿಯಲ್ಲಿ ಅದರ ಮೇಲೆ ಬರೆದಿರುವ ವ್ಯಾಟ್, ಒಳಗಿನ ನೀರಿನ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗ ಸಿಗುವ ಶಾಖ. ಅಂದರೆ ಕೋಣೆ 20, ನೀರು 70. ನೀರನ್ನು ಸರಾಸರಿ 45ಕ್ಕೆ ಇಳಿಸಿದರೆ ಅಂತರ 25ಕ್ಕೆ ಇಳಿಯುತ್ತದೆ. ಅಂತರ ಅರ್ಧವಾಯಿತೆಂದು ಶಾಖ ಅರ್ಧಕ್ಕೆ ನಿಲ್ಲುವುದಿಲ್ಲ. ಇನ್ನೂ ಕುಸಿದು ನೂರಕ್ಕೆ ನಲವತ್ತರ ಆಸುಪಾಸಿಗೆ ಬರುತ್ತದೆ. ಹೀಟ್ ಪಂಪಿಗೆ ರೇಡಿಯೇಟರ್ ಒಗ್ಗುವುದಿಲ್ಲ ಎನ್ನುವವರು ಈ ಅಂಕಿ ತೋರಿಸಿ ಮಾತು ಮುಗಿಸುತ್ತಾರೆ. ಆದರೆ ರೇಡಿಯೇಟರ್‌ಗಳಲ್ಲಿ ಜಾತಿಗಳಿವೆ. ಬ್ರಿಟನ್ನಿನ ಪ್ಲಂಬರ್‌ಗಳು ಕೆ1 ಎನ್ನುವುದು ಒಂದೇ ಹಲಗೆಯದು. ಕೆ2ರಲ್ಲಿ ಎರಡು ಹಲಗೆ, ನಡುವೆ ಗಾಳಿಯನ್ನು ಮೇಲಕ್ಕೆಳೆಯುವ ಎರಡು ಸಾಲು ಮಡಿಕೆ ತಗಡು. ಕೆ3ರಲ್ಲಿ ಎರಡೂ ಮೂರು ಮೂರು. ಎತ್ತರ 60 ಸೆಂಟಿಮೀಟರ್, ಉದ್ದ ಒಂದು ಮೀಟರ್ ಇರುವ ಕೆ1 ಅಂಗಡಿಯ ಲೆಕ್ಕದಲ್ಲಿ ಸುಮಾರು 1,000 ವ್ಯಾಟ್ ಕೊಡುತ್ತದೆ. ಅದೇ ಎತ್ತರ, ಅದೇ ಉದ್ದದ ಕೆ3 ಸುಮಾರು 2,400. ಈ 2,400ರಲ್ಲಿ ನೂರಕ್ಕೆ ನಲವತ್ತು ಎಂದರೆ 960. ಹಳೆಯ ಕೆ1 ಕೈ ಸುಡುವ 70 ಡಿಗ್ರಿಯಲ್ಲಿ ಕೊಡುತ್ತಿದ್ದ ಶಾಖವನ್ನೇ, ಗೋಡೆಯ ಮೇಲೆ ಅಷ್ಟೇ ಜಾಗ ಹಿಡಿಯುವ ಕೆ3 ಉಗುರುಬಿಸಿಗಿಂತ ತುಸು ಹೆಚ್ಚಿನ 45 ಡಿಗ್ರಿಯಲ್ಲಿ ಕೊಡುತ್ತದೆ. ಗೋಡೆಯಿಂದ ಮುಂದಕ್ಕೆ ಮಾತ್ರ ಹತ್ತು ಸೆಂಟಿಮೀಟರಿನಷ್ಟು ಹೆಚ್ಚು ಚಾಚುತ್ತದೆ. ತೂಕ ಜಾಸ್ತಿ ಇರುವುದರಿಂದ ಗೋಡೆಗೆ ಬಲವಾದ ಬ್ರಾಕೆಟ್ ಬೇಕು. ಇಷ್ಟೇ.

ಇದರ ಜೊತೆಗೆ ಬಹಳ ಜನ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸಂಗತಿಯಿದೆ. ಸೆಂಟ್ರಲ್ ಹೀಟಿಂಗ್ ಮೊದಲು ಬಂದಾಗ ಈ ಮನೆಗಳಿಗೆ ಒಂಟಿ ಗಾಜಿನ ಕಿಟಕಿ, ಬೋಳು ಅಟ್ಟ, ಪೊಳ್ಳು ಇಟ್ಟಿಗೆ ಗೋಡೆ. ಆಮೇಲೆ ಕಿಟಕಿಗೆ ಎರಡು ಪದರದ ಗಾಜು ಬಂತು, ಅಟ್ಟದ ಮೇಲೆ ಉಣ್ಣೆಯಂಥ ಹೊದಿಕೆ ಬಿತ್ತು, ಗೋಡೆಯ ಪೊಳ್ಳು ತುಂಬಿತು. ಮನೆಯಿಂದ ಸೋರುವ ಶಾಖ ಇಳಿಯಿತು, ರೇಡಿಯೇಟರ್‌ಗಳು ಇದ್ದಲ್ಲೇ ಉಳಿದವು. ಹೀಗಾಗಿ ಎಷ್ಟೋ ಮನೆಗಳ ಹಳೆಯ ರೇಡಿಯೇಟರ್‌ಗಳು ಇಂದಿನ ಅಗತ್ಯಕ್ಕೆ ಆಗಲೇ ದೊಡ್ಡವು. ಎಲ್ಲವನ್ನೂ ಬದಲಿಸಬೇಕಾಗಿ ಬರುವುದು ಅಪರೂಪ. ಹಜಾರದ್ದೊಂದು, ಉತ್ತರಕ್ಕೆ ಮುಖ ಮಾಡಿದ ಮಲಗುವ ಕೋಣೆಯದೊಂದು ಬದಲಿಸಿದರೆ ಸಾಕಾಗುವ ಮನೆಗಳೂ ಉಂಟು.

ಇದು ಬರೀ ಕಾಗದದ ಲೆಕ್ಕವಲ್ಲ. ಬ್ರಿಟಿಷ್ ಸರ್ಕಾರದ ಹಣದಿಂದ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ನ್ಯೂಕ್ಯಾಸಲ್, ಆಗ್ನೇಯ ಸ್ಕಾಟ್ಲೆಂಡ್ ಮತ್ತು ಆಗ್ನೇಯ ಇಂಗ್ಲೆಂಡಿನ ಎಲ್ಲ ಬಗೆಯ ಹಳೆಯ ಮನೆಗಳಲ್ಲಿ 742 ಹೀಟ್ ಪಂಪ್ ಕೂರಿಸಿ ಅಳೆದರು. ಹೀಟ್ ಪಂಪ್ ಒಗ್ಗದೇ ಇರುವಂಥ ಮನೆಯ ಬಗೆ ಯಾವುದೂ ಕಾಣಲಿಲ್ಲ ಎಂಬುದು ಅದರ ತೀರ್ಮಾನ. ಗಾಳಿಯಿಂದ ಶಾಖ ಎತ್ತುವ ಪಂಪುಗಳು ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 2.8 ಯೂನಿಟ್ ಶಾಖ ಕೊಟ್ಟವು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಹಳೆಯ ಮನೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಂಥ ಪಂಪುಗಳ ಸರಾಸರಿ 3.1 ಬಂತು. ಹೀಟ್ ಪಂಪಿಗೆ ನೆಲದಡಿಯ ಬಿಸಿ ಕಡ್ಡಾಯವೇನಲ್ಲ, ತಕ್ಕ ಅಳತೆಯ ರೇಡಿಯೇಟರ್ ಸಾಕು ಎಂಬುದು ಆ ಅಧ್ಯಯನದ ಮುಖ್ಯ ಮಾತುಗಳಲ್ಲಿ ಒಂದು. 2.8 ಹೆಮ್ಮೆಪಡುವ ಅಂಕಿಯಲ್ಲ, ಒಪ್ಪುತ್ತೇನೆ. ಆದರೆ ಬ್ರಿಟನ್ನಿನಲ್ಲಿ ಮನೆಯವರೇ ತಮ್ಮ ಪಂಪಿನ ಮೀಟರ್ ಅಂಕಿಗಳನ್ನು ಬಹಿರಂಗವಾಗಿ ಹಾಕುವ ಹೀಟ್‌ಪಂಪ್‌ಮಾನಿಟರ್ ಪಟ್ಟಿಯಲ್ಲಿ ರೇಡಿಯೇಟರ್ ಮಾತ್ರ ಇರುವ ಮನೆಗಳೇ ವರ್ಷದ ಸರಾಸರಿಯಲ್ಲಿ 4 ದಾಟಿದ ಉದಾಹರಣೆಗಳು ಎಷ್ಟೋ ಇವೆ. ಆ ಪಟ್ಟಿಗೆ ಆಸಕ್ತಿಯುಳ್ಳವರೇ ಸೇರುವುದು ಹೌದು, ಅದನ್ನು ಇಡೀ ದೇಶದ ಸರಾಸರಿ ಎನ್ನಲಾಗದು. ಆದರೆ ರೇಡಿಯೇಟರ್‌ನಿಂದ ಆಗುವುದೇ ಇಲ್ಲ ಎಂಬ ಮಾತನ್ನು ಸುಳ್ಳಾಗಿಸಲು ಅಷ್ಟು ಸಾಕು. ಅಳತೆ ಸರಿಯಿದ್ದು, ಹೊರಗಿನ ಹವೆಗೆ ತಕ್ಕಂತೆ ನೀರಿನ ಬಿಸಿ ತಾನೇ ಏರಿಳಿಯುವಂತೆ ಹೊಂದಿಸಿದರೆ ಗೋಡೆಯ ಮೇಲಿನ ಉಕ್ಕೂ ಅಷ್ಟು ಫಲ ಕೊಡುತ್ತದೆ.

ಈಗ ನೆಲದ ಲೆಕ್ಕ. ನೆಲ ಬಿಸಿಯಾಗುವ ವಿಸ್ತಾರ ದೊಡ್ಡದು, ಅದೇ ಅದರ ಬಲ. 16 ಮಿಲಿಮೀಟರ್ ಪ್ಲಾಸ್ಟಿಕ್ ಪೈಪನ್ನು ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಅಂತರದಲ್ಲಿ ಸುತ್ತಿ, ಮೇಲೆ ಸ್ಕ್ರೀಡ್ ಎಂಬ ಗಾರೆ ಹೊಯ್ದು, ಅದರ ಮೇಲೆ ಟೈಲ್ಸ್ ಹಾಕುತ್ತಾರೆ. ಒಳ್ಳೆಯ ಹೊದಿಕೆಯಿರುವ ಮನೆಯ ಕೋಣೆಗೆ ಕಡುಚಳಿಯ ದಿನವೂ ಚದರ ಮೀಟರಿಗೆ 30 ವ್ಯಾಟ್‌ನಷ್ಟು ಸಾಕು. ಅದಕ್ಕೆ ನೆಲದ ಮೈ 23 ಡಿಗ್ರಿ ಇದ್ದರೆ ಆಯಿತು. 35 ಡಿಗ್ರಿ ನೀರಿನಿಂದ ಇದು ಸುಲಭವಾಗಿ ಆಗುತ್ತದೆ. ಹೀಟ್ ಪಂಪ್ ಮಾರುವವರ ಚಿತ್ರಪಟಗಳಲ್ಲಿ ಬರಿಗಾಲಲ್ಲಿ ಮಕ್ಕಳು ಓಡಾಡುವ ಬೆಚ್ಚನೆಯ ನೆಲ ಕಾಣಿಸುತ್ತದಲ್ಲ, ಅಲ್ಲಿ ಒಂದು ತೊಡಕಿದೆ. 23 ಡಿಗ್ರಿಯ ನೆಲ ಅಂಗಾಲಿಗೆ ಬೆಚ್ಚಗೆ ಅನ್ನಿಸುವುದಿಲ್ಲ, ತಣ್ಣಗಿಲ್ಲ ಎಂದಷ್ಟೇ ಅನ್ನಿಸುತ್ತದೆ. ನೆಲ ನಿಜವಾಗಿ ಬೆಚ್ಚಗೆ ತಾಗಬೇಕಾದರೆ 27ರಿಂದ 29 ಇರಬೇಕು. 29 ಎಂದರೆ ಯುರೋಪಿನ ಮಾನದಂಡ ವಾಸದ ಕೋಣೆಗೆ ಹಾಕಿರುವ ಗರಿಷ್ಠ ಮಿತಿ. ಅಷ್ಟು ಬಿಸಿ ನೆಲ ಚದರ ಮೀಟರಿಗೆ ನೂರು ವ್ಯಾಟ್ ಸುರಿಯುತ್ತದೆ, ಹೊದಿಕೆ ಚೆನ್ನಾಗಿರುವ ಕೋಣೆ ಅದನ್ನು ತಾಳಲಾರದೆ ಕಾದು ಹೋಗುತ್ತದೆ. ಕಾಲಿಗೆ ಹಿತವಾದ ನೆಲವೂ ಕಡಿಮೆ ಶಾಖ ಸೋರುವ ಮನೆಯೂ ಒಂದಕ್ಕೊಂದು ಹೊಂದಿ ಬರುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವ, ಪೂಜೆಗೆ ಕೂರುವ ರೂಢಿಯ ಮನೆಗಳಿಗೆ ತಣ್ಣಗಿಲ್ಲದ ನೆಲವೇ ದೊಡ್ಡ ಸುಖ ಎಂದರೆ ಆ ಮಾತನ್ನು ಗೌರವಿಸಬೇಕು. ಕೊರಿಯಾದವರು ಓಂಡೋಲ್ ಎಂಬ ನೆಲದ ಬಿಸಿಯನ್ನು ಶತಮಾನಗಳಿಂದ ಉಳಿಸಿಕೊಂಡು ಬಂದಿರುವುದಕ್ಕೂ ನೆಲದ ಮೇಲೆ ಕೂತು ಮಲಗುವ ಬದುಕೇ ಕಾರಣ. ಇದು ಸುಖದ ವಾದ, ಬಿಲ್ಲಿನ ವಾದವಲ್ಲ. ಎರಡನ್ನೂ ಬೆರೆಸಿ ಮಾರುವುದು ತಪ್ಪು.

ಬಿಲ್ಲಿನ ವಾದ ಎಷ್ಟು ತೂಗುತ್ತದೆ ನೋಡಿ. ಒಂದು ಮನೆಗೆ ವರ್ಷಕ್ಕೆ 10,000 ಯೂನಿಟ್ ಶಾಖ ಬೇಕೆಂದುಕೊಳ್ಳೋಣ. ರೇಡಿಯೇಟರ್ 42 ಡಿಗ್ರಿ ನೀರು ಕೇಳುತ್ತದೆ, ನೆಲ 35 ಕೇಳುತ್ತದೆ. ಏಳು ಡಿಗ್ರಿ ಅಂತರಕ್ಕೆ ನೂರಕ್ಕೆ ಹದಿನೇಳರಷ್ಟು ದಕ್ಷತೆ: ರೇಡಿಯೇಟರ್ ಮನೆಯಲ್ಲಿ ಪಂಪ್ 3.6 ಕೊಟ್ಟರೆ ನೆಲದ ಮನೆಯಲ್ಲಿ 4.2. ವಿದ್ಯುತ್ ಖರ್ಚು 2,780 ಯೂನಿಟ್ ಬದಲು 2,380. ಉಳಿತಾಯ 400 ಯೂನಿಟ್; ಯೂನಿಟ್‌ಗೆ 25 ಪೆನ್ಸ್ ಹಿಡಿದರೆ ವರ್ಷಕ್ಕೆ ನೂರು ಪೌಂಡ್. ಚಳಿ ಕಡಿಮೆಯಿರುವ ಅಕ್ಟೋಬರ್, ಏಪ್ರಿಲ್ ದಿನಗಳಲ್ಲಿ ರೇಡಿಯೇಟರ್ ನೀರೂ 35ರ ಕೆಳಗೇ ಇರುವುದರಿಂದ ನಿಜವಾದ ಅಂತರ ಇನ್ನೂ ಕಿರಿದಾಗಬಹುದು. ನೂರು ಪೌಂಡ್ ಸಣ್ಣದಲ್ಲ. ಆದರೆ ಅದಕ್ಕಾಗಿ ನೆಲ ಅಗೆಸಿ, ಹೊದಿಕೆ ಹಾಕಿಸಿ, ಸ್ಕ್ರೀಡ್ ಹೊಯ್ಯಿಸಿ, ಅದು ಒಣಗುವ ತನಕ ತಿಂಗಳೆರಡು ಕಾದು, ಮತ್ತೆ ನೆಲಹಾಸು ಹಾಕಿಸುವ ಖರ್ಚು ಒಂದು ತಲೆಮಾರು ಕಳೆದರೂ ಹಿಂದಿರುಗದು.

ಅದೂ ಆ ಏಳು ಡಿಗ್ರಿ ನಿಜಕ್ಕೂ ಸಿಕ್ಕಿದರೆ! ಹೀಟ್ ಪಂಪ್ ಒಂದು ಹೊತ್ತಿನಲ್ಲಿ ಒಂದೇ ಬಿಸಿಯ ನೀರು ಕೊಡುತ್ತದೆ. ಇಡೀ ಮನೆಯಲ್ಲಿ ಯಾವ ಕೋಣೆ ಎಲ್ಲಕ್ಕಿಂತ ದುರ್ಬಲವೋ ಅದು ಕೇಳಿದ ಬಿಸಿಯನ್ನೇ ಪಂಪ್ ಕೊಡಬೇಕಾಗುತ್ತದೆ. ಕೆಳಗಿನ ನೆಲಕ್ಕೆಲ್ಲ ಪೈಪು ಹಾಸಿ, ಮೇಲಿನ ಮಹಡಿಯಲ್ಲಿ ಹಳೆಯ ಚಿಕ್ಕ ರೇಡಿಯೇಟರ್‌ಗಳನ್ನೇ ಬಿಟ್ಟರೆ ಅವು 50 ಕೇಳುತ್ತವೆ; ಪಂಪ್ 50ಕ್ಕೆ ಏರುತ್ತದೆ; ನೆಲಕ್ಕೆ ಹೋಗುವ ಮುಂಚೆ ಆ ನೀರಿಗೆ ತಣ್ಣನೆಯ ನೀರು ಬೆರೆಸಿ 35ಕ್ಕೆ ಇಳಿಸಬೇಕಾಗುತ್ತದೆ. ದುಡ್ಡು ಕೊಟ್ಟು ಏರಿಸಿದ ಬಿಸಿಯನ್ನು ಬೆರಕೆ ವಾಲ್ವಿನಲ್ಲಿ ಕಳೆದುಕೊಂಡಂತಾಯಿತು. ಬ್ರಿಟನ್ನಿನ ಮನೆಗಳ ಮೇಲ್ಮಹಡಿ ಮರದ ತೊಲೆಗಳ ಮೇಲೆ ಹಲಗೆ ಹೊಡೆದದ್ದು, ಮೇಲೆ ದಪ್ಪ ಕಾರ್ಪೆಟ್. ಅಲ್ಲಿ ನೆಲದಡಿ ಬಿಸಿ ಹಾಕಿಸಬೇಕಾದರೆ ಹಲಗೆ ಎಬ್ಬಿಸಿ ತೊಲೆಗಳ ನಡುವೆ ಅಲ್ಯೂಮಿನಿಯಂ ತಗಡು ಕೂರಿಸಬೇಕು, ಕಾರ್ಪೆಟ್ಟನ್ನೂ ತೆಳ್ಳಗಿನದಕ್ಕೆ ಬದಲಿಸಬೇಕು. ಹೀಗೆ ಮಾಡುವವರು ಕಡಿಮೆ. ಹಾಗಾಗಿ ‘ನೆಲವೋ ಗೋಡೆಯೋ’ ಎಂದು ಹೊರಟವರು ಹೆಚ್ಚಾಗಿ ತಲುಪುವುದು ಕೆಳಗೆ ನೆಲ, ಮೇಲೆ ಗೋಡೆ ಎಂಬ ಬೆರಕೆಗೆ. ಅಲ್ಲಿ ಮೇಲಿನ ರೇಡಿಯೇಟರ್‌ಗಳನ್ನು ಹೇಗೂ ದೊಡ್ಡದು ಮಾಡಲೇಬೇಕು. ಮಾಡುವುದಾದರೆ ಇಡೀ ಮನೆಗೆ ಅದೇ ಸಾಕಲ್ಲವೇ?

ಹಳೆಯ ನೆಲಕ್ಕೆ ಅದರದೇ ತೊಂದರೆಗಳಿವೆ. 1930ರ ದಶಕದ ಜೋಡಿಮನೆಯ ಕಾಂಕ್ರೀಟ್ ನೆಲದ ಕೆಳಗೆ ಹೊದಿಕೆ ಇರುವುದಿಲ್ಲ. ಮಣ್ಣು ಸುಮಾರು ಹತ್ತು ಡಿಗ್ರಿ, ಕೋಣೆ ಇಪ್ಪತ್ತು; ಕೆಳಕ್ಕೆ ಶಾಖ ಸೋರಿಸುವ ಅಂತರ ಹತ್ತು. ಪೈಪು ಹಾಸಿ ಗಾರೆಯನ್ನು 30ಕ್ಕೆ ಕಾಯಿಸಿದರೆ ಆ ಅಂತರ ಇಪ್ಪತ್ತಾಗುತ್ತದೆ, ಮಣ್ಣಿಗೆ ಹೋಗುವ ಶಾಖ ಇಮ್ಮಡಿಯಾಗುತ್ತದೆ. ಇದನ್ನು ತಡೆಯಲು ಕೆಳಗೆ ಹತ್ತು ಸೆಂಟಿಮೀಟರ್ ದಪ್ಪದ ಹೊದಿಕೆ ಬೇಕು, ಅಂದರೆ ಕಾಂಕ್ರೀಟ್ ಒಡೆಯಬೇಕು. ಒಡೆಯುವುದು ಬೇಡವೆಂದು ಇರುವ ನೆಲದ ಮೇಲೇ ಎರಡು ಸೆಂಟಿಮೀಟರ್ ದಪ್ಪದ ಹಲಗೆಯೊಳಗೆ ಪೈಪು ಕೂರಿಸುವ ಪದ್ಧತಿ ಬಂದಿದೆ. ಆಗ ಬಾಗಿಲುಗಳ ಅಡಿ ಕೊಯ್ಯಬೇಕು. ಮೆಟ್ಟಿಲ ಮೊದಲ ಹಂತ ಉಳಿದವುಗಳಿಗಿಂತ ಗಿಡ್ಡವಾಗುತ್ತದೆ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕೆಂದು ನಿಯಮ ಹೇಳುವುದು ಸುಮ್ಮನೆ ಅಲ್ಲ: ಒಂದು ಹಂತ ಎರಡು ಸೆಂಟಿಮೀಟರ್ ತಪ್ಪಿದರೂ ಕತ್ತಲಲ್ಲಿ ಇಳಿದು ಬರುವ ವಯಸ್ಸಾದವರು ಮುಗ್ಗರಿಸುತ್ತಾರೆ. ಸ್ನಾನದ ಮನೆಯಲ್ಲಿ ಟೈಲ್ಸ್ ಅಡಿ ಹಾಕುವ ವಿದ್ಯುತ್ ಜಾಲರಿಯನ್ನೂ ಕೆಲವರು ಇದೇ ವ್ಯವಸ್ಥೆ ಎಂದುಕೊಳ್ಳುತ್ತಾರೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುವ ಹೀಟರ್, ಇಲ್ಲಿನ ಚರ್ಚೆಗೆ ಸೇರಿದ್ದಲ್ಲ.

ರೇಡಿಯೇಟರ್ ಪಕ್ಷಕ್ಕೂ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಮುಚ್ಚಿಡಬಾರದು. ಅದು ಪೈಪುಗಳದ್ದು. ಬಾಯ್ಲರ್ ವ್ಯವಸ್ಥೆಯಲ್ಲಿ ನೀರು ಹೋಗಿ ಬರುವಷ್ಟರಲ್ಲಿ 10ರಿಂದ 20 ಡಿಗ್ರಿ ಇಳಿಯುತ್ತಿತ್ತು. ಹೀಟ್ ಪಂಪಿನಲ್ಲಿ ಇಳಿಯುವುದು ಸುಮಾರು ಐದೇ ಡಿಗ್ರಿ. ಅಷ್ಟೇ ಶಾಖ ಸಾಗಿಸಲು ಎರಡರಿಂದ ನಾಲ್ಕು ಪಟ್ಟು ನೀರು ಹರಿಯಬೇಕು. ಒಂದು ಕಿಲೋವ್ಯಾಟ್ ಕೊಡುವ ರೇಡಿಯೇಟರ್‌ಗೆ ನಿಮಿಷಕ್ಕೆ ಸುಮಾರು 2.9 ಲೀಟರ್. 15 ಮಿಲಿಮೀಟರ್ ಪೈಪಿಗೆ ಇದು ಏನೇನೂ ಅಲ್ಲ, 10 ಮಿಲಿಮೀಟರಿನದೂ ತಾಳಿಕೊಳ್ಳುತ್ತದೆ. ಆದರೆ 1970ರ ದಶಕದಿಂದೀಚೆಗೆ ಎಷ್ಟೋ ಮನೆಗಳಲ್ಲಿ ಹಾಕಿದ 8 ಮಿಲಿಮೀಟರಿನ ಸಣ್ಣ ತಾಮ್ರದ ಪೈಪಿನಲ್ಲಿ ಆ ನೀರು ಸೆಕೆಂಡಿಗೆ ಒಂದೂಕಾಲು ಮೀಟರ್‌ಗಿಂತ ವೇಗವಾಗಿ ನುಗ್ಗಬೇಕಾಗುತ್ತದೆ. ಸದ್ದಾಗುತ್ತದೆ, ನೀರು ನೂಕುವ ಪಂಪಿಗೆ ಭಾರವಾಗುತ್ತದೆ. ಅಂಥ ಮನೆಯಲ್ಲಿ ದೊಡ್ಡ ರೇಡಿಯೇಟರ್ ಜೊತೆಗೆ ಕೆಲವು ಕಡೆ ಪೈಪನ್ನೂ ಬದಲಿಸಬೇಕು. ಆದರೆ ಪೈಪು ಎಳೆಯಲು ಹಲಗೆ ಎಬ್ಬಿಸುವುದು ಎರಡು ಮೂರು ಸಾಲಿನಲ್ಲಿ ಮುಗಿಯುವ ಕೆಲಸ, ಇಡೀ ನೆಲ ಅಗೆಯುವುದಕ್ಕೆ ಸಮವಲ್ಲ.

ಕೈಯಿಟ್ಟು ನೋಡಿದರೆ ರೇಡಿಯೇಟರ್ ಬಿಸಿಯೇ ಇಲ್ಲ ಎಂಬ ದೂರು ಹೀಟ್ ಪಂಪ್ ಬಂದ ಮೊದಲ ಚಳಿಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಹುಟ್ಟುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ನಾಲ್ಕು ಗಂಟೆ ಬಾಯ್ಲರ್ ಉರಿಸಿ ಉಳಿದ ಹೊತ್ತು ನಂದಿಸುವ ಅಭ್ಯಾಸ ಇರುವವರಿಗೆ, ಹಗಲಿರುಳು ಮೆಲ್ಲಗೆ ಹರಿಯುವ 40 ಡಿಗ್ರಿ ನೀರು ಕೆಲಸ ಮಾಡುತ್ತಿಲ್ಲ ಅನ್ನಿಸುವುದು ಸಹಜ. ಕೈಯನ್ನಲ್ಲ, ಕೋಣೆಯ ಥರ್ಮಾಮೀಟರ್ ನಂಬಬೇಕು. ಈ ಮೆಲುಬಿಸಿಗೆ ಬೇರೊಂದು ಲಾಭವಿದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಕೈಗೆಟುಕುವ ರೇಡಿಯೇಟರ್‌ನ ಮೈ 43 ಡಿಗ್ರಿ ಮೀರಬಾರದೆಂಬ ಸೂಚನೆಯಿದೆ; ಹೀಟ್ ಪಂಪಿನ ಮನೆ ಬಹುತೇಕ ಚಳಿಗಾಲವಿಡೀ ಆ ಮಿತಿಯೊಳಗೇ ಇರುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ದೊಡ್ಡ ನೆಮ್ಮದಿ.

ನೆಲದ ಪರವಾಗಿ ಈಚೆಗೆ ಬಂದಿರುವ ಚುರುಕಾದ ವಾದ ಇದು: ವಿದ್ಯುತ್ ಅಗ್ಗವಿರುವ ಹೊತ್ತಿನಲ್ಲಿ ಗಾರೆಯನ್ನು ಕಾಯಿಸಿಟ್ಟರೆ ದುಬಾರಿ ಹೊತ್ತಿನಲ್ಲಿ ಪಂಪ್ ನಿಲ್ಲಿಸಬಹುದು, ನೆಲವೇ ಬ್ಯಾಟರಿ. 65 ಮಿಲಿಮೀಟರ್ ದಪ್ಪದ, 40 ಚದರ ಮೀಟರಿನ ಸ್ಕ್ರೀಡ್ ಒಂದು ಡಿಗ್ರಿ ಏರಲು ಸುಮಾರು ಒಂದೂವರೆ ಯೂನಿಟ್ ಶಾಖ ಹಿಡಿಯುತ್ತದೆ. ಕೋಣೆ ಕಾದು ಹೋಗದಂತೆ ಎರಡು ಡಿಗ್ರಿ ಏರಿಸಬಹುದೆಂದರೂ ಸಂಗ್ರಹ ಮೂರು ಯೂನಿಟ್ ಶಾಖ, ಪಂಪಿನ ಲೆಕ್ಕದಲ್ಲಿ ಒಂದು ಯೂನಿಟ್ ವಿದ್ಯುತ್ತೂ ಆಗುವುದಿಲ್ಲ. ಇಟ್ಟಿಗೆ ಗೋಡೆಯ ಮನೆ ತನ್ನ ಗೋಡೆಗಳಲ್ಲೇ ಇದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಗಾರೆಯ ಭಾರಕ್ಕೆ ಇನ್ನೊಂದು ಮುಖವೂ ಇದೆ: ಫೆಬ್ರವರಿಯ ಬಿಸಿಲು ದೊಡ್ಡ ಗಾಜಿನೊಳಗೆ ಇದ್ದಕ್ಕಿದ್ದಂತೆ ನುಗ್ಗಿದರೆ ರೇಡಿಯೇಟರ್ ಬೇಗ ತಣ್ಣಗಾಗುತ್ತದೆ, ಗಾರೆ ಗಂಟೆಗಟ್ಟಲೆ ಶಾಖ ಬಿಡುತ್ತಲೇ ಇರುತ್ತದೆ. ಕೋಣೆ ಬಿಸಿಯಾದಂತೆ ನೆಲದ ಶಾಖ ತಾನೇ ತಗ್ಗುವುದೂ ನಿಜ. 23 ಡಿಗ್ರಿ ನೆಲಕ್ಕೆ ಕೋಣೆ 20ರಿಂದ 21ಕ್ಕೆ ಏರಿದರೆ ಮೂರನೇ ಒಂದು ಪಾಲು ಕಡಿತ. ಹಾಗಾಗಿ ಈ ದೋಷವನ್ನು ಹಿಗ್ಗಿಸಿ ಹೇಳಬೇಕಾಗಿಲ್ಲ.

ನೆಲ ಗೆಲ್ಲುವ ಜಾಗಗಳು ಸ್ಪಷ್ಟವಾಗಿವೆ. ಹೊಸ ಮನೆ ಕಟ್ಟುವಾಗ ನೆಲದ ಕೆಳಗೆ ಹೊದಿಕೆ, ಮೇಲೆ ಸ್ಕ್ರೀಡ್ ಹೇಗೂ ಬರುತ್ತದೆ. ಪೈಪು ಸೇರಿಸುವ ಹೆಚ್ಚುವರಿ ಖರ್ಚು ಕಡಿಮೆ, ಅಲ್ಲಿ ಬಿಡಬಾರದು. ಹಿತ್ತಲ ಕಡೆಗೆ ಅಡುಗೆಮನೆ ವಿಸ್ತರಿಸಿ ಮೂರು ಕಡೆ ಕಪಾಟು, ಒಂದು ಕಡೆ ಮಡಚುವ ಗಾಜಿನ ಬಾಗಿಲು ಮಾಡಿಸುವವರಿಗೆ ರೇಡಿಯೇಟರ್ ಕೂರಿಸಲು ಗೋಡೆಯೇ ಉಳಿಯುವುದಿಲ್ಲ. ಅಲ್ಲೂ ನೆಲವೇ ಸರಿ. ಆದರೆ ಆ ಅಡುಗೆಮನೆಯ ಪೈಪುಗಳನ್ನೂ ಉಳಿದ ಮನೆಯ ರೇಡಿಯೇಟರ್‌ಗಳನ್ನೂ ಒಂದೇ ಬಿಸಿಯ ನೀರಿಗೆ, ಉದಾಹರಣೆಗೆ 40 ಡಿಗ್ರಿಗೆ, ಹೊಂದುವಂತೆ ಅಳೆದು ಬೆರಕೆ ವಾಲ್ವ್ ಇಲ್ಲದೆ ಜೋಡಿಸುವ ಕಸುಬುದಾರರನ್ನು ಹುಡುಕಿಕೊಳ್ಳಬೇಕು.

ಉಳಿದವರಿಗೆ, ಹೀಟ್ ಪಂಪಿಗೆ ದುಡ್ಡು ಕೊಡುವ ಮೊದಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಖರ್ಚು ಹೆಚ್ಚೇನೂ ಇಲ್ಲ. ಜನವರಿಯ ಚಳಿ ಬಿಗಿಯಾದ ವಾರದಲ್ಲಿ ಈಗಿರುವ ಗ್ಯಾಸ್ ಬಾಯ್ಲರ್‌ನ ನೀರನ್ನು 75ರಿಂದ 50ಕ್ಕೆ ಇಳಿಸಿ, ಹಗಲು ರಾತ್ರಿ ನಂದಿಸದೆ ಬಿಡಬೇಕು. ಸ್ನಾನದ ನೀರಿನ ಸೆಟ್ಟಿಂಗ್ ಬೇರೆ ಇರುವ ಬಾಯ್ಲರ್‌ಗೆ ಮಾತ್ರ ಈ ಪರೀಕ್ಷೆ, ಆ ಸೆಟ್ಟಿಂಗನ್ನು ಮುಟ್ಟಬಾರದು. ಪ್ರತಿ ಕೋಣೆಗೂ ಒಂದು ಅಗ್ಗದ ಥರ್ಮಾಮೀಟರ್ ಇಟ್ಟು ಎರಡು ದಿನ ನೋಡಿದರೆ ಯಾವ ಕೋಣೆ 20 ಮುಟ್ಟುತ್ತದೆ, ಯಾವುದು 17ಕ್ಕೇ ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಎಲ್ಲವೂ ಮುಟ್ಟಿದರೆ 45ಕ್ಕೆ ಇಳಿಸಿ ಮತ್ತೆ ನೋಡಬೇಕು. ಹಿಂದೆ ಬಿದ್ದ ಕೋಣೆಗಳ ಪಟ್ಟಿ ಕೈಯಲ್ಲಿದ್ದರೆ, ಕೋಣೆಕೋಣೆಯ ಶಾಖನಷ್ಟ ಲೆಕ್ಕ ಹಾಕಲು ಬರುವವರೊಂದಿಗೆ ಮಾತು ನೇರವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಆ ಲೆಕ್ಕ ಹಾಕದೆ, ಮನೆ ನೋಡಿದ ಕೂಡಲೇ ನೆಲ ಅಗೆಯಬೇಕು ಎನ್ನುವವರನ್ನು ಬಾಗಿಲಿಂದಲೇ ಕಳಿಸಿಬಿಡಬಹುದು.